ದಕ್ಷಿಣ ಕೊಡಗಿನ ಜೈನ ಶಾಸನಗಳೂ ನಮ್ಮ ತರುಣರ ಶಿಕ್ಷಣವೂ

ಕೊಡಗಿನಲ್ಲಿ ಇಂದು ಜೈನರ ಸಂಖ್ಯೆ ಅತ್ಯಲ್ಪ. ಆದಕಾರಣ ಈ ನಾಡಿಗೂ ಜಿನಧರ್ಮಕ್ಕೂ ಹಳೆಯ ನಂಟಿಲ್ಲವೆಂದು ನಮ್ಮವರೇ ಭಾವಿಸಿರುವುದುಂಟು. ಬಾಳೆಲೆಯನ್ನೊಳಗೊಂಡ ಕಿಗ್ಗಟ್ಟುನಾಡಿನ ಶಿಲೆಗಳು ಬೇರೆಯದನ್ನೇ ಸಾರುತ್ತವೆ.

ಪೆಗ್ಗೂರಿನ ಶಾಸನ ಶಕವರ್ಷ 899ರದು, ಎಂದರೆ ಕ್ರಿ.ಶ. 978. ಫಾಲ್ಗುಣ ಶುಕ್ಲಪಕ್ಷದ ನಂದೀಶ್ವರ ಪರ್ವದಂದು, ಗಂಗವಂಶದ ರಕ್ಕಸನು ಬೆದ್ದೊರೆಗರೆಯನ್ನು ಆಳುತ್ತಿದ್ದಾಗ, ಶ್ರೀಬೆಳ್ಗೊಳದ ಗುರುಪರಂಪರೆಯ ಅನಂತವೀರ್ಯಯ್ಯನವರು ಪೆರ್ಗದೂರನ್ನು ದಾನವಾಗಿ ಪಡೆದರು. ಗೊಮ್ಮಟಸ್ವಾಮಿಯ ಪ್ರತಿಷ್ಠೆಯನ್ನು 981ಕ್ಕೆ ಹೇಳುವುದು ರೂಢಿ. ಈ ದಾನ ಅದಕ್ಕೂ ಮುಂಚಿನದು. ಶಕ 809ರ ಬಿಳಿಯೂರಿನ ಶಾಸನವಂತೂ ಇನ್ನೂ ಹಳೆಯದು. ಪೆಣ್ಣೆಗಡಂಗದ ಸತ್ಯವಾಕ್ಯ ಜಿನಾಲಯಕ್ಕೆ ಬಿಳಿಯೂರಿನ ಹನ್ನೆರಡು ಹಳ್ಳಿಗಳನ್ನು ಸರ್ವನಂದಿದೇವರಿಗೆ ಬಿಟ್ಟುಕೊಟ್ಟ ದಾನಪತ್ರವದು. ಈ ದಾನಕ್ಕೆ ಸಾಕ್ಷಿಗಳಾದವರಲ್ಲಿ ಬೆದ್ದೊರೆಗರೆಯ ಎಪ್ಪತ್ತು ಮಂದಿಯೂ ಎಂಟು ಒಕ್ಕಲೂ ಸೇರಿದ್ದಾರೆ. ಅದನ್ನು ಕಾಯತಕ್ಕವರನ್ನು ಬೇರೆಯಾಗಿಯೇ ಹೇಳಿದೆ. ಕಾಯುವ ಹೊಣೆಯನ್ನು ದೂರದ ರಾಜಧಾನಿಗೆ ಬಿಡದೆ ಊರುನಾಡಿನವರಿಗೇ ವಹಿಸಿದ್ದರು ಎಂಬುದನ್ನು ಗಮನಿಸಬೇಕು.

ಬಿ. ಎಲ್. ರೈಸ್ ಅವರು 1886ರಲ್ಲಿ ಕೊಡಗಿನ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಮೊದಲ ಸಂಪುಟವಾಗಿ ಹೊರತಂದರು. 1914ರಲ್ಲಿ ಅದರ ಪರಿಷ್ಕೃತ ಆವೃತ್ತಿ ಬಂತು. ಅವರ ಉಪಕಾರ ದೊಡ್ಡದು. ಆದರೆ ನಮ್ಮ ಕಲ್ಲನ್ನು ಓದಲು ನಮ್ಮಲ್ಲೇ ಹತ್ತು ಮಂದಿ ಇಲ್ಲವೆಂಬುದು ಶೋಭೆಯಲ್ಲ.

ವಿದ್ಯೆ ಕಠಿಣವೇನಲ್ಲ. ಕಲ್ಲನ್ನು ನೀರಿನಿಂದ ಮೆಲ್ಲನೆ ತೊಳೆದು, ತೇವದ ಕಾಗದವನ್ನು ಹಾಸಿ, ಅಕ್ಷರದ ಕುಳಿಗೆ ಇಳಿಯುವಂತೆ ಬ್ರಷ್ಷಿನಿಂದ ತಟ್ಟಿ, ಮೇಲೆ ಮಸಿಯ ಒತ್ತುಗೊಟ್ಟರೆ ಅಕ್ಷರ ಬೆಳ್ಳಗೆ ಉಳಿಯುತ್ತದೆ. ರಾತ್ರಿ ದೀಪವನ್ನು ಪಕ್ಕದಿಂದ ಹಿಡಿದರೆ ಸವೆದ ಸಾಲೂ ಎದ್ದು ಕಾಣುವುದು. ಬೆಂಗಳೂರಿನಲ್ಲಿ ಸ್ವಯಂಸೇವಕರು ಊರೂರು ಅಲೆದು ಶಾಸನಗಳನ್ನು ಹುಡುಕಿದ್ದಾರೆ. 2021ರಿಂದ ಮಿಥಿಕ್ ಸೊಸೈಟಿಯವರು ಅವನ್ನು ಸ್ಕ್ಯಾನರಿನಿಂದ ಮೂರು ಆಯಾಮಗಳಲ್ಲಿ ದಾಖಲಿಸತೊಡಗಿದರು.

ಜೀವದಯೆಯನ್ನು ವ್ರತವಾಗಿ ಹಿಡಿದ ನಾವು ಜೀವಗಳ ಹೆಸರನ್ನಾದರೂ ಅರಿಯಬೇಡವೆ? ವಿಷವೈದ್ಯವನ್ನು ಹೇಳುವ ‘ಖಗೇಂದ್ರಮಣಿದರ್ಪಣ’ವನ್ನು ರಚಿಸಿದ ಮಂಗರಾಜ ಜೈನ ಕವಿ, ಹಾವು, ಮೂಲಿಕೆಗಳನ್ನು ಬಲ್ಲವನು. ನಮ್ಮ ಮಗ್ಗುಲಲ್ಲೇ ಇರುವ ನಾಗರಹೊಳೆಯಲ್ಲಿ 1980ರ ದಶಕದಿಂದ ಡಾ. ಉಲ್ಲಾಸ ಕಾರಂತರು ಸಾಮಾನ್ಯ ಸ್ವಯಂಸೇವಕರನ್ನು ತರಬೇತುಗೊಳಿಸಿ ಪ್ರಾಣಿಗಣತಿಗೆ ತೊಡಗಿಸಿದರು. ಗೊತ್ತಾದ ಗೆರೆಯಲ್ಲಿ ಸದ್ದಿಲ್ಲದೆ ನಡೆಯುವುದು, ಕಂಡ ಜಿಂಕೆ, ಕಾಟಿಗಳ ಸಂಖ್ಯೆ, ಅಂತರ, ದಿಕ್ಕುಗಳನ್ನು ಬರೆದುಕೊಳ್ಳುವುದು, ಊಹೆಯನ್ನು ಸೇರಿಸದಿರುವುದು. ಅಂಗಡಿಯ ರೋಜುಕೀರ್ದಿ ಬರೆದು ಬಲ್ಲ ನನಗೆ ಈ ಕಟ್ಟು ಬಲು ಮೆಚ್ಚುಗೆಯಾಯಿತು. ಬಸದಿಯ ಬನದ ಗಿಡಮರ, ಹಕ್ಕಿಗಳಿಗೂ ಇಂಥದೊಂದು ಲೆಕ್ಕ ಸಾಧ್ಯ.

ಒಂದು ಮಾತನ್ನು ನಿಷ್ಠುರವಾಗಿ ಹೇಳಬೇಕಾಗಿದೆ. ಶಿಲೆಗಳಿಗೆ ಮಳೆಗಿಂತ ಹೆಚ್ಚಿನ ಅಪಾಯ ಜೀರ್ಣೋದ್ಧಾರದಿಂದಲೇ ಬರುವುದುಂಟು. ಭಕ್ತಿಯಿಂದ ಬಳಿದ ಎನಾಮೆಲ್ ಬಣ್ಣ ಅಕ್ಷರವನ್ನು ಮುಚ್ಚುತ್ತದೆ. ಮರಳಿನ ಉಜ್ಜುವಿಕೆ ಅಳಿಸುತ್ತದೆ. ಹಳೆಯ ಚಪ್ಪಡಿ ಕಾಂಕ್ರೀಟಿನಡಿಗೆ ಸೇರುತ್ತದೆ. ಕೆಲಸಕ್ಕೆ ಕೈಹಚ್ಚುವ ಮುನ್ನ ಪ್ರತಿ ಕಲ್ಲಿನ ಪಡಿಯಚ್ಚು, ಛಾಯಾಚಿತ್ರ, ಅದಿದ್ದ ಸ್ಥಳ ಇವಿಷ್ಟೂ ಒಂದು ಪುಸ್ತಕದಲ್ಲಿ ದಾಖಲಾಗಬೇಕು. ಅದನ್ನು ಬರೆಯಲು ಪ್ರತಿ ಬಸದಿಯಿಂದ ಇಬ್ಬರು ತರುಣರನ್ನೂ ಇಬ್ಬರು ತರುಣಿಯರನ್ನೂ ಆರಿಸಿ, ಬಲ್ಲವರ ಬಳಿ ಒಂದು ವಾರ ಕಲಿಯಲು ಕಳುಹಿಸೋಣ. ಕಾಗದ, ಮಸಿ, ಪ್ರಯಾಣದ ವೆಚ್ಚ ಒಂದು ಹೊತ್ತಿನ ಸಂತರ್ಪಣೆಯ ಖರ್ಚನ್ನು ಮೀರಲಾರದು.