ಒಡೆದ ಬಳೆಗಳ ತೋಟ

ಚಂಡೀಗಢದ ರಾಕ್ ಗಾರ್ಡನ್ ಬಗ್ಗೆ ಯಾರೇ ಬರೆಯಲಿ, "ಕಸದಿಂದ ಕಲೆ" ಅಂತಲೇ ಶುರು ಮಾಡುತ್ತಾರೆ. ಯಾಕೋ ಆ ಮಾತು ನನಗೆ ಹಿಡಿಸುವುದಿಲ್ಲ. ಕಸ ಸರಿ, ಆದರೆ ಯಾರ ಮನೆಯದ್ದು?

ಸ್ವಲ್ಪ ಹಿಂದಕ್ಕೆ ಹೋಗೋಣ. 1947ರಲ್ಲಿ ದೇಶ ಒಡೆದು ಲಾಹೋರ್ ಪಾಕಿಸ್ತಾನದ ಪಾಲಾಯಿತು. ನಮ್ಮ ಕಡೆಯ ಪಂಜಾಬಿಗೆ ಹೊಸ ರಾಜಧಾನಿ ಬೇಕಾಯಿತು. ಲೆ ಕಾರ್ಬೂಸಿಯೆ ನಕ್ಷೆ ಹಾಕಿದ ಆ ನಗರಕ್ಕಾಗಿ ಅಲ್ಲಿದ್ದ ಹಲವಾರು ಹಳ್ಳಿಗಳನ್ನು ಎಬ್ಬಿಸಿದರು. ಅಲ್ಲಿ ರಸ್ತೆ ಇನ್ಸ್‌ಪೆಕ್ಟರ್ ಆಗಿದ್ದವರು ನೇಕ್ ಚಂದ್. ಅವರು ಹುಟ್ಟಿದ ಊರೂ ಗಡಿಯಾಚೆ ಉಳಿದುಹೋಗಿತ್ತು. ಊರು ಕಳಕೊಂಡ ಮನುಷ್ಯ, ಇನ್ಯಾರದೋ ಊರು ಕೆಡವಿದ ಜಾಗದಲ್ಲಿ ಒಡೆದ ಬಳೆ, ಪಿಂಗಾಣಿ ಚೂರು, ಮಡಕೆ, ಹಳೇ ಸೈಕಲ್ಲಿನ ಬಿಡಿಭಾಗ ಆರಿಸುತ್ತಾ ಹೋದರು. ಇದನ್ನು ಬರೀ ಕಸ ಅನ್ನುವುದು ಹೇಗೆ ಹೇಳಿ?

ಜೊತೆಗೆ ಶಿವಾಲಿಕ್ ಬೆಟ್ಟದ ಬುಡದ ಹೊಳೆಗಳಿಂದ ಕಲ್ಲುಗಳು. ನೀರು ಸವೆಸಿದ ಕಲ್ಲಿನಲ್ಲಿ ಅವರಿಗೆ ಹಕ್ಕಿ, ಪ್ರಾಣಿ, ಮನುಷ್ಯರ ಆಕಾರ ಕಾಣುತ್ತಿತ್ತಂತೆ. ಉಳಿ ಹಿಡಿದು ಕೆತ್ತುವ ಗೋಜಿಲ್ಲ. ಹೊತ್ತು ತಂದು ನಿಲ್ಲಿಸಿದರಾಯ್ತು, ಅದೂ ಸೈಕಲ್ ಮೇಲೆ! ಬಳೆಚೂರುಗಳನ್ನು ಸಿಮೆಂಟಿಗೆ ಒತ್ತಿ ಮಾಡಿದ ಹೆಂಗಸರ ಸಾಲಂತೂ... ಎಷ್ಟು ಕೈಗಳ ಬಳೆಗಳೋ.

ಇದೆಲ್ಲ ನಡೆದದ್ದು ಸುಖ್ನಾ ಕೆರೆ ಹತ್ತಿರದ ಕಾಡಿನಲ್ಲಿ. ಏನೂ ಕಟ್ಟಬಾರದೆಂದು ಕಾದಿರಿಸಿದ್ದ ಜಾಗ ಅದು. 1950ರ ದಶಕದ ಕೊನೆಯಿಂದ ಸುಮಾರು ಹದಿನೈದು ವರ್ಷ, ಡ್ಯೂಟಿ ಮುಗಿಸಿ ರಾತ್ರಿ ಹೊತ್ತು, ಗುಟ್ಟಾಗಿ. ಪರಿಸರಪ್ರಿಯರು ತಕರಾರು ತೆಗೆಯಬಹುದು, ಕಾಡಿನಲ್ಲಿ ಇದು ಸರಿಯೇ ಅಂತ. ನಿಯಮ ಮುರಿದದ್ದೇನೋ ನಿಜ. ಆದರೆ ಆ ಕಾಡನ್ನು ಯಾರೂ ಮುಟ್ಟಬಾರದು ಎಂಬ ನಿಯಮವೇ ಅವರನ್ನು ಅಷ್ಟು ವರ್ಷ ಬಚ್ಚಿಟ್ಟಿತು ಅನ್ನುವುದೂ ನಿಜ :)

1970ರ ದಶಕದಲ್ಲಿ ಅಧಿಕಾರಿಗಳ ಕಣ್ಣಿಗೆ ಬಿತ್ತು. ಕಾನೂನಿನ ಪ್ರಕಾರ ಕೆಡವಬೇಕಿತ್ತು, ಕೆಡವಲಿಲ್ಲ. 1976ರಲ್ಲಿ ಜನರಿಗೆ ತೆರೆದರು. ಅವರಿಗೆ ಅದೇ ಕೆಲಸಕ್ಕೆ ಸಂಬಳ ಕೊಟ್ಟರು, ಆಳುಗಳನ್ನೂ ಕೊಟ್ಟರು. 1984ರಲ್ಲಿ ಪದ್ಮಶ್ರೀಯೂ ಬಂತು. ಅಷ್ಟಕ್ಕೇ ಮುಗಿಯಲಿಲ್ಲ ನೋಡಿ. 1990ರಲ್ಲಿ ಬುಲ್ಡೋಜರ್ ಬಂತು, ಊರಿನ ಜನ ಕೈ ಕೈ ಹಿಡಿದು ಅಡ್ಡ ನಿಂತರು. 1996ರಲ್ಲಿ ಅವರು ವಿದೇಶದಲ್ಲಿದ್ದಾಗ ಯಾರೋ ನುಗ್ಗಿ ಮೂರ್ತಿಗಳನ್ನು ಒಡೆದುಹಾಕಿದರು. 2015ರಲ್ಲಿ ನೇಕ್ ಚಂದ್ ತೀರಿಕೊಂಡರು.

2025ರಲ್ಲಿ, ಪಕ್ಕದ ಹೈಕೋರ್ಟಿನ ಪಾರ್ಕಿಂಗಿಗೆ, ರಸ್ತೆ ಅಗಲ ಮಾಡಲಿಕ್ಕೆ, ತೋಟದ ಗೋಡೆಯ ಒಂದು ಭಾಗಕ್ಕೆ ಯಂತ್ರ ಹಚ್ಚಿದರು. ಆಗಲೂ ಜನ ಬೀದಿಗಿಳಿದರು. ಗೋಡೆ ಮಾತ್ರ ಉಳಿಯಲಿಲ್ಲ.