ಸವೆದ ಪಾವಲಿ

ಬೆಳ್ಳಿ ರೂಪಾಯಿಯನ್ನು ನಮ್ಮ ಹೆಂಗಸರು ಸುಲಭಕ್ಕೆ ಖರ್ಚು ಮಾಡುತ್ತಿರಲಿಲ್ಲ. ಗಂಟು ಕಟ್ಟಿ ಇಟ್ಟರು, ಇಲ್ಲವೇ ಅಕ್ಕಸಾಲಿಗನಿಗೆ ಕೊಟ್ಟು ಗೆಜ್ಜೆ, ಕಾಲುಂಗುರ ಮಾಡಿಸಿಕೊಂಡರು. ಹಾಗಾಗಿಯೇ ರಾಜನ ತಲೆಯ ಬೆಳ್ಳಿ ನಾಣ್ಯ ಇಂದಿಗೂ ಅನೇಕ ಮನೆಗಳ ಲಕ್ಷ್ಮೀಪೂಜೆಯಲ್ಲಿ ಕಾಣುತ್ತದೆ. ನಿಕ್ಕಲ್ ನಾಣ್ಯಕ್ಕೆ ಆ ಭಾಗ್ಯವಿರಲಿಲ್ಲ. ಅದು ಸಂತೆಗೆ ಹೋಯಿತು, ಹಾಲಿನವಳಿಗೆ ಹೋಯಿತು, ಕೈಯಿಂದ ಕೈಗೆ ಸವೆಯಿತು. ನಾನು ಹುಡುಕಿ ಕೂಡಿಡುವುದು ಇಂಥ ಸವೆದ ನಾಣ್ಯಗಳನ್ನೇ.

ಇವು ಬಂದದ್ದು ಯುದ್ಧದ ದೆಸೆಯಿಂದ. 1939ರವರೆಗೆ ರೂಪಾಯಿಯಲ್ಲಿ 12ಕ್ಕೆ 11 ಪಾಲು ಬೆಳ್ಳಿ ಇರುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಿಂದ, ಅದು ಅರ್ಧಕ್ಕಿಳಿಯಿತು. 1946ರಲ್ಲಿ ಪಾವಲಿ ಮತ್ತು ಎಂಟಾಣೆ, 1947ರಲ್ಲಿ ರೂಪಾಯಿ, ಬೆಳ್ಳಿಯನ್ನು ಪೂರ್ತಿ ಬಿಟ್ಟು ನಿಕ್ಕಲ್ ಆದವು. ಒಂದು ಮಗ್ಗುಲಲ್ಲಿ ಆರನೆಯ ಜಾರ್ಜ್ ದೊರೆ, ಇನ್ನೊಂದರಲ್ಲಿ ಹುಲಿ.

ಸ್ವಾತಂತ್ರ್ಯ ಬಂದಮೇಲೂ ಮೂರು ವರ್ಷ ರಾಜನ ಮುಖದ ನಾಣ್ಯದಲ್ಲೇ ನಮ್ಮ ಉಪ್ಪು, ಬೇಳೆಗಳ ವ್ಯಾಪಾರ ನಡೆಯಿತು. 1950ರ ಆಗಸ್ಟ್ 15ರಂದು ಅಶೋಕನ ಸಿಂಹಗಳು ಬಂದವು; ರೂಪಾಯಿಯ ಮೇಲಿನ ಹುಲಿ ಹೋಗಿ ತೆನೆ ಮೂಡಿತು. ಲೋಹ ಮಾತ್ರ ಅದೇ ನಿಕ್ಕಲ್.

1957ರ ಏಪ್ರಿಲ್ 1ರಂದು 16 ಆಣೆಯ ರೂಪಾಯಿ 100 ನಯಾಪೈಸೆಯಾಯಿತು. ಒಂದಾಣೆಗೆ 6 ಪೈಸೆ, ಎರಡಾಣೆಗೆ 12, ಮೂರಾಣೆಗೆ 19 ಎಂದು ಲೆಕ್ಕ ಹಾಕುವಾಗ ಚೂರುಪಾರು ಅತ್ತಿತ್ತ ಹೋಗುತ್ತಿತ್ತು. ಪಾವಲಿಗೆ ಬಂದಾಗ 25 ಪೈಸೆ, ಲೆಕ್ಕ ಚೊಕ್ಕ. ಹೊಸ 25 ಪೈಸೆಯೂ ನಿಕ್ಕಲಿನದೇ. ಜನ ಅದನ್ನು ನಾಲ್ಕಾಣೆ ಎಂದೇ ಕರೆದರು.

25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ನಿಂತಿತು. ಅಂಗಡಿಯ ಚಿಲ್ಲರೆಯಲ್ಲಿ ಇವನ್ನು ಹುಡುಕಿ ಫಲವಿಲ್ಲ. ಅಟ್ಟದ ಮೇಲಿನ ಸಾಸಿವೆ ಡಬ್ಬಿ, ಗುಂಡಿ, ಸೂಜಿ ಹಾಕಿಟ್ಟ ಡಬ್ಬಿ ನೋಡಿ. ಬಿಳಿ ನಾಣ್ಯ ಸಿಕ್ಕರೆ ಅಯಸ್ಕಾಂತ ಹಿಡಿಯಿರಿ: ನಿಕ್ಕಲ್ ಅಂಟುತ್ತದೆ, ಬೆಳ್ಳಿ ಅಂಟುವುದಿಲ್ಲ. ಸ್ವತಂತ್ರ ಭಾರತದ ನಾಣ್ಯದಲ್ಲಿ ಇಸವಿಯ ಕೆಳಗೆ ಪುಟ್ಟ ವಜ್ರಾಕೃತಿ ಇದ್ದರೆ ಅದು ಮುಂಬಯಿ ಟಂಕಸಾಲೆಯದು. ಗುರುತೇ ಇಲ್ಲದಿದ್ದರೆ ಕಲ್ಕತ್ತದ್ದು. ಹೊಳೆಯಲೆಂದು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ತಿಕ್ಕಿದರೆ ಅಳಿದುಳಿದ ಅಚ್ಚೂ ಮಾಸುತ್ತದೆ.

ಹೀಗೆ ಸವೆದ ನಾಣ್ಯಕ್ಕೆ ಹೆಚ್ಚು ಬೆಲೆ ಬಾರದು, ನಿಜ. ಹಿರಿಯರು ಹೋದಮೇಲೆ ಡಬ್ಬಿ ಸುರಿದಾಗ ಬೆಳ್ಳಿ ಬೀರುವಿಗೆ ಸೇರುತ್ತದೆ, ನಿಕ್ಕಲ್ ಗುಜರಿಗೆ. ಆದರೆ ಅಕ್ಷರ ಬಾರದ ಎಷ್ಟೋ ಹೆಂಗಸರು ರಾಜ್ಯ ಬದಲಾದದ್ದನ್ನು ಕೈಯಲ್ಲಿ ಹಿಡಿದು ಕಂಡದ್ದು ಈ ಚಿಲ್ಲರೆಯಲ್ಲೇ ಅಲ್ಲವೆ? ಸಿಕ್ಕಿದ್ದನ್ನು ಒಂದು ಕಾಗದದಲ್ಲಿ ಮಡಿಸಿಡಿ. ಮೇಲೆ ಇಸವಿಯ ಜೊತೆಗೆ ಅದು ಯಾರ ಡಬ್ಬಿಯಲ್ಲಿತ್ತು ಎಂಬುದನ್ನೂ ಬರೆಯಿರಿ. ಇಸವಿಯನ್ನು ಪುಸ್ತಕ ನೋಡಿ ಯಾರಾದರೂ ಹೇಳಿಯಾರು; ಆ ಹೆಸರನ್ನು ಬರೆಯಬಲ್ಲವರು ನೀವು ಮಾತ್ರ.