ಡೋಲ್ಗೋಖ್ (ಉಗಿ ಎಂಜಿನ್)

ವೇಲ್ಸ್‌ನ ಟಾಲಿಲಿನ್ ರೈಲುಮಾರ್ಗದ ಎರಡನೇ ನಂಬರಿನ ಎಂಜಿನ್. 1866ರಲ್ಲಿ ಇಂಗ್ಲೆಂಡಿನ ವೈಟ್‌ಹೇವನ್‌ನಲ್ಲಿದ್ದ ಫ್ಲೆಚರ್, ಜೆನ್ನಿಂಗ್ಸ್ ಕಾರ್ಖಾನೆ ಇದನ್ನು ಕಟ್ಟಿತು. ಬ್ರಿನ್ ಎಗ್ಲುಯಿಸ್ ಗಣಿಯ ಸ್ಲೇಟ್ ಕಲ್ಲನ್ನು ಕಡಲತಡಿಯ ಟವಿನ್ ಪಟ್ಟಣದತ್ತ ಸಾಗಿಸಲು ಹಾಕಿದ ಹಳಿಯ ಅಗಲ 2 ಅಡಿ 3 ಅಂಗುಲ. ನೆರೆಯ ಕಾರಿಸ್ ಮಾರ್ಗದ ಹಳಿಯೂ ಇಷ್ಟೇ ಅಗಲ. ಈ ಹೊಂದಾಣಿಕೆ ಮುಂದೆ ಬಹಳ ಉಪಯೋಗಕ್ಕೆ ಬಂತು.

ಎಂಜಿನ್ನಿಗೆ ನಾಲ್ಕೇ ಚಕ್ರ. ಹಿಂದಿನ ಅಚ್ಚನ್ನು ಬೆಂಕಿಗೂಡಿನ ಆಚೆಗೆ ಕೂರಿಸಿ ಎರಡು ಅಚ್ಚುಗಳ ನಡುವಿನ ಅಂತರ ಹೆಚ್ಚಿಸಲಾಗಿದೆ. ನೀರಿನ ತೊಟ್ಟಿ ಬಾಯ್ಲರಿನ ಮೇಲಿಲ್ಲ. ಚೌಕಟ್ಟಿನೊಳಗೆ ಮತ್ತು ಚಾಲಕನ ಬೆನ್ನ ಹಿಂದೆ ಇದೆ. ಹಾಗಿದ್ದೂ 1866ರಲ್ಲಿ ತಪಾಸಣೆಗೆ ಬಂದ ಸರ್ಕಾರಿ ಅಧಿಕಾರಿ ಟೈಲರ್, ಇದು ಅಕ್ಕಪಕ್ಕಕ್ಕೆ ಓಲಾಡುತ್ತದೆಂದು ಆಕ್ಷೇಪಿಸಿದರು. ಜೊತೆಯ ಒಂದನೇ ನಂಬರಿನ ‘ಟಾಲಿಲಿನ್’ ಮೇಲೆಕೆಳಗೆ ಕುಪ್ಪಳಿಸುತ್ತಿತ್ತಂತೆ. ಬೋಯರ್ ಯುದ್ಧದ ದೆಸೆಯಿಂದ ಕೆಲಕಾಲ ‘ಪ್ರಿಟೋರಿಯ’ ಎಂಬ ಹೆಸರೂ ಡೋಲ್ಗೋಖ್‌ಗಿತ್ತು.

1911ರಲ್ಲಿ ಗಣಿಯನ್ನೂ ಮಾರ್ಗವನ್ನೂ ಕೊಂಡವರು ಸಂಸದ ಹೆನ್ರಿ ಹೇಡನ್ ಜೋನ್ಸ್. ತಾನು ಬದುಕಿರುವವರೆಗೆ ರೈಲು ನಿಲ್ಲದು ಎಂದು ಮಾತುಕೊಟ್ಟರು, ನಡೆಸಿಯೂ ತೋರಿಸಿದರು. ದುಡ್ಡು ಮಾತ್ರ ಇರಲಿಲ್ಲ. ದುಡ್ಡಿದ್ದ ಕಂಪನಿಗಳು ಇಂಥ ಹಳೆಯ ಎಂಜಿನ್ನುಗಳನ್ನು ಎಂದೋ ಗುಜರಿಗೆ ಹಾಕುತ್ತಿದ್ದವು. ಡೋಲ್ಗೋಖ್ ಉಳಿದದ್ದು ಒಡೆಯನ ಬಡತನದಿಂದ, ಹಟದಿಂದ. 1945ರ ಹೊತ್ತಿಗೆ ‘ಟಾಲಿಲಿನ್’ ಕೆಟ್ಟು ಮೂಲೆ ಸೇರಿತು. 1946ರ ಡಿಸೆಂಬರಿನಲ್ಲಿ ಗಣಿ ಕುಸಿದು ಮುಚ್ಚಿತು. 1948ರಲ್ಲಿ ಬ್ರಿಟನ್ನಿನ ರೈಲುಗಳು ರಾಷ್ಟ್ರೀಕರಣವಾದಾಗ ಈ ಮಾರ್ಗ ಆ ಪಟ್ಟಿಯಲ್ಲೇ ಇರಲಿಲ್ಲ. ಹುಲ್ಲು ಮುಚ್ಚಿದ ಹಳಿಯ ಮೇಲೆ, ಎಂಬತ್ತು ದಾಟಿದ ಈ ಒಂದೇ ಎಂಜಿನ್ ಬೇಸಿಗೆಯಲ್ಲಿ ವಾರಕ್ಕೆ ಕೆಲವೇ ದಿನ ಪ್ರಯಾಣಿಕರನ್ನು ಎಳೆಯುತ್ತಿತ್ತು.

1950ರ ಜುಲೈಯಲ್ಲಿ ಜೋನ್ಸ್ ತೀರಿಕೊಂಡರು. ಲೇಖಕ ಎಲ್.ಟಿ.ಸಿ. ರೋಲ್ಟ್ ಮತ್ತು ಗೆಳೆಯರು ಅಕ್ಟೋಬರಿನಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಭೆ ಸೇರಿ ಸಂರಕ್ಷಣಾ ಸಂಘ ಕಟ್ಟಿದರು. 1951ರ ಮೇ 14ರಂದು ಸಂಘದ ಮೊದಲ ರೈಲು ಹೊರಟಿತು. ಸ್ವಯಂಸೇವಕರು ಉಳಿಸಿ ನಡೆಸಿದ ರೈಲುಮಾರ್ಗಗಳಲ್ಲಿ ಜಗತ್ತಿನಲ್ಲೇ ಇದು ಮೊದಲನೆಯದು. ಆ ವರ್ಷದ ಭಾರವೂ ಡೋಲ್ಗೋಖ್‌ನದೇ. ಮುಚ್ಚಿಹೋಗಿದ್ದ ಕಾರಿಸ್ ಮಾರ್ಗದ ಎರಡು ಎಂಜಿನ್ನುಗಳನ್ನು ಸಂಘ ಕೊಂಡದ್ದು ತಲಾ 25 ಪೌಂಡಿಗೆ. ಹಳಿಯ ಅಗಲ ಒಂದೇ ಆದ್ದರಿಂದ ಅವು ಇಲ್ಲಿಗೆ ಒಗ್ಗಿದವು, ಮುದಿ ಎಂಜಿನ್ನಿಗೆ ಬಿಡುವು ಸಿಕ್ಕಿತು. 1954ರಲ್ಲಿ ದುರಸ್ತಿಗೆಂದು ಕಳಚಿದ ಡೋಲ್ಗೋಖ್ ಮತ್ತೆ ಹಳಿ ಏರಿದ್ದು 1963ರಲ್ಲಿ.

1952ರಲ್ಲಿ ಇಲ್ಲಿ ಸ್ವಯಂಸೇವಕರಾಗಿ ದುಡಿದ ಪಾದ್ರಿ ಡಬ್ಲ್ಯು. ಆಡ್ರಿ, ‘ಥಾಮಸ್’ ರೈಲು ಕಥೆಗಳನ್ನು ಬರೆದವರು. ಅವರ ಕಥೆಗಳಲ್ಲಿ ಬರುವ ರೆನಿಯಸ್ ಎಂಬ ಎಂಜಿನ್ನಿಗೆ ಡೋಲ್ಗೋಖ್ ಮಾದರಿ.